ಮೂರನೇ ಡಬ್ಬಿಯ ಹೆಸರು

6 ಜನವರಿ 2008, ಭಾನುವಾರ. ಸಂಜೆ

ಇವತ್ತೂ ಸೀಲಿಂಗ್. ಒಂದೇ ಪುಸ್ತಕ. ಎಂದಿನಂತೆ ಗೋವಿಂದರಾಜನಗರದಲ್ಲಿ, ಚಕ್ರಪಾಣಿ ಅಂಕಲ್ ಮನೆಯ ಹಾಲಿನಲ್ಲಿ. ಹಳೇ ಕಾಮಿಕ್ಸನ್ನು ಅಂಕಲ್ ಟೇಬಲ್ ಲ್ಯಾಂಪಿನ ಕೆಳಗೆ ಹಿಡಿದು, ಹಾಳೆ ಹಾಳೆ ತಿರುವಿ, ಎಷ್ಟು ಚೆನ್ನಾಗಿ ಉಳಿದಿದೆ ಅಂತ ನೋಡಿ ಹತ್ತಕ್ಕೆ ಇಷ್ಟು ಅಂತ ನಂಬರ್ ಕೊಟ್ಟರು. ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಮುಚ್ಚಿದರು. ಎಲ್ಲರೂ ಸೇರಿ ನಂಬರ್ ಕೂಗಿದೆವು. ಅಂಕಲ್ ಹೆಂಡತಿ ಪಂಕಜಾ ಆಂಟಿ ಕಾಫಿ ತಂದರು. ಪುಸ್ತಕ ತಂದವರು ಡಬ್ಬಿಯನ್ನು ಎದೆಗವಚಿಕೊಂಡು ಹೊರಟರು. ಸೀಲ್ ಆದ ದಿನವೇ ಮನೆ ಸೇರಬೇಕು, ಅದು ನಮ್ಮ ಕಾಮಿಕ್ಸ್ ಕ್ಲಬ್ಬಿನ ಪದ್ಧತಿ. ಮದುಮಗಳನ್ನು ಕಳಿಸಿಕೊಟ್ಟ ಹಾಗೆ. ಆಮೇಲೆ ಯಾವತ್ತೂ ಒಡೆಯುವಂತಿಲ್ಲ. ಒಡೆದರೆ ನಂಬರ್ ರದ್ದು.

ನನ್ನ ಕೊರಳಿಗೊಂದು ಕೆಲಸ ಕಟ್ಟಿದರು. ಮಾರ್ಚಿನಲ್ಲಿ ವಿಜಯನಗರದಲ್ಲಿ ಕ್ಲಬ್ಬಿನ ಎಕ್ಸಿಬಿಷನ್. ಅಮೆರಿಕದಲ್ಲಿ ಕಾಮಿಕ್ಸ್ ಸಂಗ್ರಹಿಸುವವರು ಇಂಥ ಡಬ್ಬಿಗಳನ್ನು ತಲೆಮಾರು ಪ್ರಕಾರ ವಿಂಗಡಿಸಿ ಹೆಸರಿಟ್ಟಿದ್ದಾರಂತೆ. ಡಬ್ಬಿ ನೋಡಿದರೆ ಸಾಕು, ಯಾವ ಕಾಲದ್ದು ಅಂತ ಗೊತ್ತಾಗುತ್ತಂತೆ. ನಮ್ಮ ಡಬ್ಬಿಗಳಿಗೂ ಅಂಥದ್ದೊಂದು ಪುಟ ಬೇಕು.

"ನೀನು ಟೀಚರ್ ಅಲ್ವೇನಮ್ಮಾ ಸ್ಮೃತಿ, ನೀಟಾಗಿ ಬರ್ದುಕೊಡು" ಅಂದರು ಅಂಕಲ್.

ಕ್ಲಬ್ಬಿನಲ್ಲಿ ಹೆಂಗಸು ನಾನೊಬ್ಬಳೇ. ಬರೆಯೋದು, ಒರೆಸೋದು ಅಂದರೆ ಎಲ್ಲರ ಕತ್ತೂ ನನ್ನ ಕಡೆಗೇ ತಿರುಗುತ್ತೆ. ಆದರೂ ಒಪ್ಪಿಕೊಂಡೆ. ಹೆಸರಿಡುವ ಕೆಲಸ ನನಗಿಷ್ಟ.

9 ಜನವರಿ, ಬುಧವಾರ

ಸ್ಕೂಲಿಂದ ಬಂದು ನನ್ನ ಹತ್ತಿರ ಇರೋ ಡಬ್ಬಿಗಳ ಫೋಟೋ ತೆಗೆಯೋಕೆ ಕೂತೆ. ಮೊದಲ ಡಬ್ಬಿ — ನಾಲ್ಕು ಮೂಲೆಗೂ ಸ್ಕ್ರೂ. ಸ್ಕ್ರೂ ಡಬ್ಬಿ, ಮತ್ತೇನು. ಎರಡನೆಯದಕ್ಕೆ ಎರಡೂ ಪಕ್ಕ ಕ್ಲಿಪ್ಪು, ಊಟದ ಕ್ಯಾರಿಯರ್ ಥರ. ಅದು ಟಿಫನ್. ಈಗಿನದಕ್ಕೆ ಸುತ್ತಲೂ ರಬ್ಬರ್ ಗ್ಯಾಸ್ಕೆಟ್. ಕುಕ್ಕರ್!

"ಪಾತ್ರೆ ಅಂಗಡಿ ಇಡ್ತೀಯೇನೇ?" ಅಂತ ಅಮ್ಮ ನಕ್ಕಳು. ಇಟ್ಟರೆ ತಪ್ಪೇನು.

ಟಿಫನ್ನಿಗೂ ಕುಕ್ಕರಿಗೂ ನಡುವೆ ಇನ್ನೊಂದಿದೆ. 2006ರ ಮಳೆಗಾಲದಲ್ಲಿ ತೇವ ಒಳಗೆ ಹೋಗುತ್ತೆ ಅಂತ ಅಂಕಲ್ ಕ್ಲಿಪ್ಪಿನ ಜೊತೆ ಅಂಚಿಗೆ ಸಿಲಿಕೋನ್ ಅಂಟೂ ಹಾಕುತ್ತಿದ್ದರು. ಮೀನಿನ ತೊಟ್ಟಿಗೆ ಹಾಕುತ್ತಾರಲ್ಲ, ಅದು. ಹೊರಗಿಂದ ಟಿಫನ್ ಥರಾನೇ. ಬಿಸಿಲಿಗೆ ಓರೆಯಾಗಿ ಹಿಡಿದರೆ ಮಾತ್ರ ಅಂಚಿನಲ್ಲಿ ಗೆರೆ ಕಾಣುತ್ತೆ. ಇದಕ್ಕೇನು ಹೆಸರಿಡಲಿ? ಹೊಳೆಯಲಿಲ್ಲ. ನನ್ನ ಮೊಸಳೆ ಇರೋದೂ ಇಂಥದ್ದರಲ್ಲೇ. ಮೊಸಳೆ ಅಂದರೆ ಮುಖಪುಟದಲ್ಲಿ ಮೊಸಳೆ ಇರೋ ಕಾಮಿಕ್ಸು. ಅಪ್ಪ ಮೆಜೆಸ್ಟಿಕ್ಕಿನಿಂದ ತಂದುಕೊಟ್ಟದ್ದು. ನಾನು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಅದರಲ್ಲಿ.

12 ಜನವರಿ, ಶನಿವಾರ

ಮೊಸಳೆಯ ಫೋಟೋ ತೆಗೆಯುತ್ತಿದ್ದೆ. ಹಾಳೆಗಳನ್ನು ಹಿಡಿದಿರೋ ಪಿನ್ನಿನ ಸುತ್ತ ಕಂದು ಕಲೆ. ಸೀಲ್ ಮಾಡಿದ ದಿನ ಇರಲಿಲ್ಲ, ನನ್ನ ಕಣ್ಣಾರೆ ನೋಡಿದ್ದೆ.

ಒಡೆಯುವಂತಿಲ್ಲ... ಒಡೆದೆ. ಬ್ಲೇಡಿನಿಂದ ಅಂಚು ಕೊಯ್ದೆ. ಮುಚ್ಚಳ ಬಿಟ್ಟಿತೋ ಇಲ್ಲವೋ, ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಮೂಗು ಮುಚ್ಚಿಕೊಂಡಳು.

"ಏನೇ ಅದು ಹುಳಿ ಹುಳಿ ವಾಸ್ನೆ? ದೋಸೆ ಹಿಟ್ಟು ಕೆಟ್ಟ ಹಾಗೆ?"

ಹಿಟ್ಟಲ್ಲ. ನನ್ನ ಪುಸ್ತಕ. ಪಿನ್ನು ತುಕ್ಕು ಹಿಡಿದು ಪುಡಿಯಾಗಿದೆ. ನಡುವಿನ ಹಾಳೆ ಹಾಗೇ ಕಳಚಿ ಕೈಗೆ ಬಂತು. ಅಳು ಬಂತು. ಅಳುವಿಗಿಂತ ಸಿಟ್ಟು ಜಾಸ್ತಿ ಬಂತು. ಜೋಪಾನವಾಗಿರಲಿ ಅಂತ ತಾನೇ ಅದರೊಳಗೆ ಇಟ್ಟದ್ದು?

13 ಜನವರಿ, ಭಾನುವಾರ

ಬಾತ್‌ರೂಮ್ ರಿಪೇರಿಯಲ್ಲಿ ಉಳಿದ ಸಿಲಿಕೋನ್ ಟ್ಯೂಬು ಸಿಕ್ಕಿತು. ಅಂಟು ಹಾಕಿ ಒಂದು ದಿನ ಗಾಳಿಗೆ ಬಿಡಿ ಅಂತ ಅದರ ಮೇಲೇ ಇದೆ. ಒಣಗುವಾಗ ವಿನಿಗರ್ ಆವಿ ಬಿಡುತ್ತೆ. ಆಸಿಡ್. ಕಬ್ಬಿಣದ ಪಿನ್ನನ್ನೂ ತಿನ್ನುತ್ತೆ, ಕಾಗದವನ್ನೂ ತಿನ್ನುತ್ತೆ.

ನಾವೆಲ್ಲಿ ಗಾಳಿಗೆ ಬಿಟ್ಟೆವು? ಅದೇ ದಿನ ಮನೆ ಸೇರಬೇಕಲ್ಲ! ಅಂಟು ಹಸಿ ಇರುವಾಗಲೇ ಮುಚ್ಚಿ, ನಂಬರ್ ಕೂಗಿ, ಕಾಫಿ ಕುಡಿದು ಕಳಿಸಿಕೊಟ್ಟೆವು. ಆವಿ ಒಳಗೇ ಕೂತಿತು.

ಹೆಸರು ಸಿಕ್ಕಿತು. ಹುಳಿ ಡಬ್ಬಿ. ಸ್ಕ್ರೂ, ಟಿಫನ್, ಹುಳಿ, ಕುಕ್ಕರ್.

20 ಜನವರಿ, ಭಾನುವಾರ

ಅಂಕಲ್ ಮನೆಗೆ ಹೋಗಿ ಎಲ್ಲ ಹೇಳಿದೆ. ಕೊನೆತನಕ ಕೇಳಿಸಿಕೊಂಡರು. ಆಮೇಲೆ ತಲೆಯಾಡಿಸಿದರು.

"ಅದು ಎರಡನೇದೇ ಕಣಮ್ಮಾ. ಒಂದು ಗೆರೆ ಅಂಟು ಹಾಕಿದ್ರೆ ಬೇರೆ ತಲೆಮಾರಾಗುತ್ತಾ?"

"ಒಳಗಿರೋ ಪುಸ್ತಕಗಳು ಹಾಳಾಗ್ತಾ ಇವೆ ಅಂಕಲ್."

"ನಿಂದೊಂದು ಹಾಳಾಗಿದೆ. ಅಟ್ಟದ ಮೇಲೆ ಇಟ್ಟಿದ್ದೆಯೇನೋ. ಎಕ್ಸಿಬಿಷನ್ ಹತ್ರ ಬಂದಿದೆ, ಇಂಥ ಹೊತ್ತಲ್ಲಿ ಕ್ಲಬ್ಬಿನ ಮರ್ಯಾದೆ ತೆಗೀಬೇಡ. ಬೇಕೇ ಬೇಕು ಅಂದ್ರೆ ಟೂ-ಎ ಅಂತ ಹಾಕು."

"ಟೂ-ಎ ಅಂದ್ರೆ ಯಾರೂ ತಿರುಗಿ ಕೂಡ ನೋಡಲ್ಲ. ಹುಳಿ ಅಂದ್ರೆ ಮನೆಗೆ ಹೋಗಿ ತೆಗೆದು ನೋಡ್ತಾರೆ."

"ನನ್ನ ಕ್ಲಬ್ಬನ್ನ ಅಡುಗೆಮನೆ ಮಾಡ್ಬಿಟ್ಟೆಯಲ್ಲಮ್ಮಾ."

ಕಾಫಿ ಲೋಟ ಹಿಡಿದು ಬಂದಿದ್ದ ಪಂಕಜಾ ಆಂಟಿ ಬಾಗಿಲಲ್ಲೇ ನಿಂತುಬಿಟ್ಟರು. ಅಡುಗೆಮನೆಯಲ್ಲಿ ಕೆಟ್ಟದ್ದನ್ನು ಯಾರೂ ಮುಚ್ಚಿಡುವುದಿಲ್ಲ, ಚೆಲ್ಲುತ್ತಾರೆ ಅಂತ ನಾನು ಹೇಳಬೇಕಿತ್ತು. ಬಸ್ ಸ್ಟಾಪಿನಲ್ಲಿ ಹೊಳೆಯಿತು. ಯಾವಾಗಲೂ ಹೀಗೇ ನಂದು.

26 ಜನವರಿ, ಶನಿವಾರ

ಸ್ಕೂಲಿನಲ್ಲಿ ಧ್ವಜಾರೋಹಣ ಮುಗಿಸಿ ಹೇರೋಹಳ್ಳಿಗೆ ಹೋದೆ. ರೇವಣಸಿದ್ದ ಇರುವುದು ಅಲ್ಲಿ. ಕ್ಲಬ್ಬಿನಲ್ಲಿ ನನ್ನ ಪಕ್ಕ ಕೂರುವವರು. ಗದಗಿನ ಕಡೆಯವರು, ಮೋಟಾರ್ ವೈಂಡಿಂಗ್ ಕೆಲಸ. ಅವರದೂ ಆ ಮಳೆಗಾಲದ ಡಬ್ಬಿ. ಟೀವಿ ಮೇಲೆ ಇಟ್ಟಿದ್ದಾರೆ, ಪಕ್ಕದಲ್ಲಿ ಊದಿನಕಡ್ಡಿ ಸ್ಟ್ಯಾಂಡು!

ಒಡೆಯಿರಿ ಅಂದೆ. ಹೌಹಾರಿಬಿಟ್ಟರು.

"ಹಂಗನಬ್ಯಾಡ್ರಿ ಮೇಡಂ. ಎಂಟೂವರಿ ಐತ್ರಿ ನಂದು. ಎಸ್ಸೆಸೆಲ್ಸಿ ಎರಡ್ ಸಲ ಫೇಲಾದಾಂವ ನಾ. ಹತ್ತಕ್ಕ ಎಂಟೂವರಿ ಅಂತ ನನಗ ಬಂದಿದ್ದು ಇದೊಂದ ರೀ. ಒಡದ್ರ ಅದೂ ಹೊಕ್ಕೈತಿ."

ಚಹಾ ಕುಡಿದು ಬಂದೆ. ಆ ರಸ್ತೆಯ ಧೂಳು ಇನ್ನೂ ಗಂಟಲಲ್ಲಿದೆ. ಮೂರನೇ ತಲೆಮಾರು ಅಂತ ಒಂದು ಇದೆ ಅನ್ನೋದನ್ನೇ ಒಪ್ಪದಿದ್ದರೆ ಯಾರು ಯಾಕೆ ಒಡೆಯುತ್ತಾರೆ? ಆವಿ ಮಾತ್ರ ಎಕ್ಸಿಬಿಷನ್ ಮುಗಿಯಲಿ ಅಂತ ಕಾಯೋದಿಲ್ಲ.

3 ಫೆಬ್ರವರಿ, ಭಾನುವಾರ. ಮಧ್ಯಾಹ್ನ

ಈಗಷ್ಟೇ ಮನೆಗೆ ಬಂದೆ.

ಹಾಲಿನಲ್ಲಿ ಎಲ್ಲರೂ ಇದ್ದರು. ಪುಟ ಓದು ಅಂದರು ಅಂಕಲ್. ಓದಿದೆ. "ಒಂದು, ಸ್ಕ್ರೂ. ಎರಡು, ಟಿಫನ್. ಮೂರು..."

"ಮೂರು, ಕುಕ್ಕರ್" ಅಂದರು ಅಂಕಲ್. "ಹೂಂ, ಮುಂದೆ."

"ಮೂರು, ಹುಳಿ" ಅಂದೆ.

ಎದ್ದು ಬಂದು ಹಾಳೆ ಕಿತ್ತುಕೊಂಡರು. ಕಿತ್ತುಕೊಳ್ಳಲಿ, ಬಾಯಿಗೆ ಬರುತ್ತೆ ನನಗೆ. ಬಿಸಿಲಿಗೆ ಓರೆಯಾಗಿ ಹಿಡಿಯಿರಿ, ಅಂಚಿನಲ್ಲಿ ಗೆರೆ ಕಂಡರೆ ಅದು ಹುಳಿ, ಅಂಟು ಕೊಯ್ಯಿರಿ, ಪುಸ್ತಕವನ್ನು ಗಾಳಿಗಿಡಿ, ಪಿನ್ನು ಬದಲಿಸಿ... ಹೇಳುತ್ತಲೇ ಹೋದೆ. ನನ್ನ ದನಿ ಅಷ್ಟು ದೊಡ್ಡದಿದೆ ಅಂತ ನನಗೇ ಗೊತ್ತಿರಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಗೊತ್ತಿರಬೇಕು.

ರೇವಣಸಿದ್ದ ಎಕ್ಸಿಬಿಷನ್ನಿಗೆ ಕೊಡಲು ಡಬ್ಬಿ ತಂದಿದ್ದರು. ಎದ್ದು ಬಾಲ್ಕನಿಗೆ ಹೋದರು. ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು.

"ಗೆರಿ ಐತ್ರಿ" ಅಂದರು. ಜೇಬಿನಿಂದ ಕಟ್ಟರ್ ತೆಗೆದರು.

"ಒಡೆದ್ರೆ ನಂಬರ್ ಇಲ್ಲ ರೇವಣಸಿದ್ದ" ಅಂದರು ಅಂಕಲ್. "ಕ್ಲಬ್ಬೂ ಇಲ್ಲ."

"ನಂಬರ್ ಇಲ್ಲದನ ಇಷ್ಟ್ ವರ್ಷ ಬದುಕೀನ್ರಿ ಸಾರ್."

ಕೊಯ್ದರು. ವಾಸನೆ ಹಾಲಿಗೆಲ್ಲ ಹರಡಿತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಮುಚ್ಚಿಕೊಂಡರೆ ಒಪ್ಪಿಕೊಂಡ ಹಾಗಲ್ಲವೇ! ಪಿನ್ನಿನ ತುದಿಯಷ್ಟೇ ತುಕ್ಕು ಹಿಡಿದಿತ್ತು. ಹಾಳೆಗಳೆಲ್ಲ ಗಟ್ಟಿ ಇವೆ. ಉಳಿಯಿತು.

"ಬೇರೆ ಡಬ್ಬಿ ಕೊಡ್ತೀರೇನ್ರಿ?" ಅಂತ ಕೇಳಿದರು ಪಾಪ. ಅಂಕಲ್ ಬಾಗಿಲು ತೋರಿಸಿದರು. ನನಗೂ.

ಇಬ್ಬರೂ ಬೀದಿಗೆ ಬಂದೆವು. ರೇವಣಸಿದ್ದ ಪುಸ್ತಕವನ್ನು ಅಂಗಿಯೊಳಗೆ ಹಾಕಿಕೊಂಡು, ಗುಂಡಿ ಹಾಕಿಕೊಂಡು, ನಗುತ್ತಾ ಬೈಕ್ ಹತ್ತಿದರು.

7 ಫೆಬ್ರವರಿ, ಗುರುವಾರ

ಕ್ಲಬ್ಬಿನ ವೆಬ್‌ಸೈಟಿನಲ್ಲಿ ಪುಟ ಬಂದಿದೆ. ಸೀರೀಸ್ ಒನ್, ಟೂ, ತ್ರೀ. ಆ ಮಳೆಗಾಲವೇ ಇಲ್ಲ.

ನನ್ನದೇ ಬ್ಲಾಗ್ ಮಾಡಿದೆ. ನಾಲ್ಕು ಡಬ್ಬಿ, ನಾಲ್ಕು ಹೆಸರು. ಎಲ್ಲಕ್ಕಿಂತ ಮೇಲೆ ಮೊಸಳೆಯ ಫೋಟೋ, ಕಳಚಿದ ಹಾಳೆ ಸಮೇತ. ಅಂಟಿಸಿ ಚಂದ ಮಾಡಲಿಲ್ಲ. ನೋಡಲಿ ಎಲ್ಲರೂ.

10 ಫೆಬ್ರವರಿ, ಭಾನುವಾರ

ಬೆಳಗ್ಗೆಯಿಂದ ಎಸ್ಸೆಮ್ಮೆಸ್. "ನಂದು ಟಿಫನ್ನಾ ಹುಳಿನಾ?" ಅವತ್ತು ಹಾಲಿನಲ್ಲಿ ತುಟಿ ಬಿಚ್ಚದವರೇ! ಸೀರೀಸ್ ಟೂ ಅಂತ ಒಬ್ಬರೂ ಬರೆದಿಲ್ಲ. ಕೆಂಗೇರಿಯಿಂದ ಒಬ್ಬರು ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ತಂದೇಬಿಟ್ಟರು. ಒಡೆದೆವು. ಒಂದು ಹಾಳೆಯ ಅಂಚು ಹೋಗಿದೆ, ಮಿಕ್ಕದ್ದು ಕ್ಷೇಮ. ಹೋಗುವಾಗ "ಅಂಕಲ್‌ಗೆ ಹೇಳ್ಬೇಡಿ ಮೇಡಂ" ಅಂದರು.

ಹೇಳಲ್ಲ. ಆದರೆ ಇಷ್ಟು ಹೆದರುವವರು ಇಷ್ಟು ದಿನ ಸಾಹಸದ ಕಥೆಗಳನ್ನು ಓದಿ ಮಾಡಿದ್ದಾದರೂ ಏನು?

17 ಫೆಬ್ರವರಿ, ಭಾನುವಾರ. ಸಂಜೆ ನಾಲ್ಕೂವರೆ

ಪಂಕಜಾ ಆಂಟಿ ಬಂದಿದ್ದಾರೆ. ಬ್ಯಾಗಿನಲ್ಲಿ ಮೇಲೆ ದಂಟಿನ ಸೊಪ್ಪು, ಕೆಳಗೆ ಡಬ್ಬಿ. ಅಂಕಲ್ ಅವರ ಸ್ವಂತದ್ದು. ಎಕ್ಸಿಬಿಷನ್ನಿನಲ್ಲಿ ನಟ್ಟನಡುವೆ ಇಡಬೇಕಾದ್ದು.

"ಅವ್ರಿಗೆ ಗೊತ್ತಿಲ್ಲ ಕಣೇ. ನೀನು ಹೇಳಿದ ಹಾಗೇ ಬಿಸಿಲಿಗೆ ಹಿಡಿದೆ. ಗೆರೆ ಇದೆ. ದಿನಾ ಇದರ ಮುಂದೆ ಕೂತ್ಕೋತಾರೆ, ಕಿಟಕಿ ಹತ್ರ ಮಾತ್ರ ಒಯ್ಯಲ್ಲ. ಒಡೆದುಬಿಡು."

ಪಿನ್ನಿನ ಹತ್ತಿರ ಕಂದು ಶುರುವಾಗಿದೆ. ಒಡೆಯಬಹುದಿತ್ತು. ಆದರೆ ಕದ್ದು ಒಡೆಯಲ್ಲ ನಾನು. ಅವರು ಮುಚ್ಚಿಟ್ಟರು ಅಂತ ನಾನೂ ಮುಚ್ಚಿಟ್ಟುಕೊಂಡು ಮಾಡಬೇಕಾ? ಫೋನ್ ಮಾಡಿದೆ. ಆಂಟಿ ಬೇಡ ಬೇಡ ಅಂತ ಕೈ ಹಿಡಿದರು, ಆಮೇಲೆ ಬಿಟ್ಟರು.

"ಅಂಕಲ್, ಸ್ಮೃತಿ. ನಿಮ್ಮ ಪುಸ್ತಕ ನನ್ನ ಟೇಬಲ್ ಮೇಲಿದೆ. ಆಂಟಿ ತಂದಿದಾರೆ. ಪಿನ್ನು ಕಂದಾಗ್ತಿದೆ. ಒಡೀಲಾ?"

ಬೈಗುಳ ಬರುತ್ತೆ ಅಂತ ಕಾದೆ. ಬರಲಿಲ್ಲ.

"ಹಾಳೆ?" ಅಂದರು. ಅಷ್ಟೇ.

"ಹಾಳೆ ಇನ್ನೂ ಚೆನ್ನಾಗಿದೆ. ಆದ್ರೆ ಅದು ಯಾವ ಡಬ್ಬಿ ಅಂತ ನೀವು ಹೇಳ್ಬೇಕು ಅಂಕಲ್. ಎರಡನೇದು ಅಂದ್ರೆ ಹಾಗೇ ವಾಪಸ್ ಕಳಿಸ್ತೀನಿ."

ಕ್ರೂರ ಅನ್ನಿಸಿತು. ಅನ್ನಿಸಲಿ. ಒಂದು ಹೆಸರಿಗೋಸ್ಕರ ಇಬ್ಬರನ್ನು ಬಾಗಿಲಿನಿಂದ ಆಚೆ ಕಳಿಸಿದವರು. ಆ ಹೆಸರು ಅವರ ಬಾಯಿಂದಲೇ ಬರಲಿ.

ಫೋನ್ ಇಟ್ಟುಬಿಡುತ್ತಾರೆ ಅಂದುಕೊಂಡೆ. ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ, ತೀರಾ ಸಣ್ಣ ದನಿಯಲ್ಲಿ —

"ಹುಳಿ. ಹುಳಿ ಡಬ್ಬಿ. ಬೇಗ ಒಡಿಯಮ್ಮಾ."

ಅಮ್ಮ ಬ್ಲೇಡ್ ಹುಡುಕುತ್ತಿದ್ದಾಳೆ. ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಡಬ್ಬಿಯ ಎರಡೂ ತುದಿ ಗಟ್ಟಿಯಾಗಿ ಹಿಡಿದು ಕೂತಿದ್ದಾರೆ. ಅಂಕಲ್ ಫೋನ್ ಇಟ್ಟಿಲ್ಲ, ಸ್ಪೀಕರಿನಲ್ಲಿ ಹಾಕಿದ್ದೇನೆ. ಮೊದಲು ಎಡಗಡೆ ಕೊಯ್ಯಿ ಅಂತಿದ್ದಾರೆ. ಬ್ಲೇಡ್ ಸಿಕ್ಕಿತಂತೆ, ಕರೀತಿದ್ದಾಳೆ —