ಕೆಂಚನಿಗೆ ಸೋಮವಾರ ರಜೆ

ನನ್ನ ಮುದ್ದು ಅಜ್ಜಿಗೆ,

ಕೆಂಚ ಸ್ಟಾರ್ಟ್ ಆದ ಅಜ್ಜಿ, ಸ್ಟಾರ್ಟ್ ಆದ! ಹಾಂ, ನನ್ನ ಮದುವೆಯೂ ಆಯ್ತು. ಮದುವೆ ಸುದ್ದಿ ಮೊದಲು ಹೇಳಬೇಕಿತ್ತೇನೋ, ಆದರೆ ನೀನು ಎಂಥವಳು ಅಂತ ನನಗೆ ಗೊತ್ತಿಲ್ಲವಾ? "ಗಂಡು ಆಮೇಲಾಯ್ತು, ಗಾಡಿ ಏನಾಯ್ತು ಹೇಳು" ಅಂತಲೇ ಕೇಳುತ್ತಿದ್ದೆ. ನೀನು ಹೋದ ಮೇಲೆ ಉಸಿರೇ ಎತ್ತದಿದ್ದ ಕೆಂಚ ಕಳೆದ ಭಾನುವಾರ, ಬೀಗರೂಟಕ್ಕೆ ಬಂದ ನೆಂಟರೆಲ್ಲರ ಎದುರಿಗೆ ಗುಡುಗುಡು ಅಂದ. ನಾನು ರೇಷ್ಮೆ ಸೀರೆಯಲ್ಲೇ ಕುಣಿದುಬಿಟ್ಟೆ. ನಮ್ಮತ್ತೆ ನೋಡಿದರು. ನೋಡಲಿ ಬಿಡು!

ಅವನು ನಮ್ಮ ಮನೆಗೆ ಬಂದ ದಿನ ನೆನಪಿದೆಯಾ? ಮಾಕಳಿದುರ್ಗದ ರಸ್ತೆಯಲ್ಲಿ, ವೀಕೆಂಡಿಗೆ ಬರುವ ಸಿಟಿ ಜನಕ್ಕೆ ಏಟಿವಿ ಓಡಿಸಲು ಕೊಡುತ್ತಾರಲ್ಲ, ಅವರು ಹಳೆಯ ಗಾಡಿಗಳನ್ನು ಮಾರುತ್ತಿದ್ದರು. ನಾಲ್ಕು ದಪ್ಪ ಚಕ್ರ, ಬೈಕಿನ ಥರ ಹ್ಯಾಂಡಲ್, ಕೆಸರೋ ಕಲ್ಲೋ ಏನಿದ್ದರೂ ಹತ್ತುವ ಗಾಡಿ. ನಿನಗೆ ಮಂಡಿ ನೋವು, ನಮ್ಮ ದ್ರಾಕ್ಷಿ ತೋಟ ದಿಣ್ಣೆಯ ಮೇಲೆ. ಅಲ್ಲಿನ ಮ್ಯಾನೇಜರ್ ನವೀನಣ್ಣ ಪಾಪ ಮುಚ್ಚುಮರೆಯಿಲ್ಲದೆ ಹೇಳಿದ: "ಅಜ್ಜಿ, ಇದು ಓಡಿ ಓಡಿ ಸವೆದಿರೋ ಗಾಡಿ. ಜಾಸ್ತಿ ಅಂದ್ರೆ ಇನ್ನೊಂದು ವರ್ಷ."

"ನಂಗೂ ಡಾಕ್ಟ್ರು ಅಷ್ಟೇ ಹೇಳಿರೋದು ಕಣಪ್ಪ. ಯಾರು ಮುಂದೆ ಹೋಗ್ತಾರೆ ನೋಡೋಣ, ಕೊಡು" ಅಂದೆಯಲ್ಲ ನೀನು! ಬಣ್ಣ ಕೆಂಪಗಿದೆ ಅಂತ ತಾತನ ಹಳೇ ಎತ್ತಿನ ಹೆಸರನ್ನೇ ಇಟ್ಟೆ. ಆಮೇಲೆ ನೀವಿಬ್ಬರೂ ಒಬ್ಬರಿಗೊಬ್ಬರು ಪೈಪೋಟಿ ಕೊಟ್ಟುಕೊಂಡು ಎಷ್ಟು ವರ್ಷ ಓಡಿದಿರಿ. ಅವನ ಮೀಟರಿನ ಕೇಬಲ್ ಕಿತ್ತುಹೋದಾಗ ಹೊಸದು ಹಾಕಿಸೋಣ ಅಂದರೆ, "ವಯಸ್ಸು ಎಣಿಸೋದು ಬಿಟ್ಟ, ಒಳ್ಳೇದಾಯ್ತು ಬಿಡು" ಅಂದಿದ್ದೆ.

ಸೋಮವಾರಗಳು ನೆನಪಾಗುತ್ತವೆ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು ಅನ್ನೋ ರೂಢಿಯನ್ನು ನೀನು ಗಾಡಿಗೂ ತಂದೆ. ತೋಟದಲ್ಲಿ ಕೊಯ್ಲಿರಲಿ, ಮಾರ್ಕೆಟ್ಟಿನ ಲಾರಿ ಬಂದು ನಿಂತಿರಲಿ, ಸೋಮವಾರ ಕೆಂಚ ಕದಲುವ ಹಾಗಿರಲಿಲ್ಲ. ಆದರೆ ಸುಮ್ಮನೆ ನಿಲ್ಲುವ ಹಾಗೂ ಇರಲಿಲ್ಲವಲ್ಲ! ನಾನು ಸ್ಕೂಲಿನಿಂದ ಬಂದು ಟೈ ಬಿಚ್ಚುವುದರೊಳಗೆ ನೀನು ಏರ್ ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಿಗೆ ಹಾಕಿರುತ್ತಿದ್ದೆ. "ಹಿಂಡಬೇಡ, ಅಮುಕು. ಬಿಸಿಲಿಗೆ ಬೇಡ, ನೆರಳಿಗೆ ಹಾಕು." ಒಣಗಿದ ಮೇಲೆ ಅದಕ್ಕೆ ಎಣ್ಣೆ ಮುಟ್ಟಿಸೋದು, ಚೈನ್ ಒರೆಸೋದು, ಕೀಲುಗಳಿಗೆಲ್ಲ ಗ್ರೀಸ್ ತುಂಬೋದು. ಕೊನೆಗೆ ನೀನೇ ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ಲೊಡಕ್ ಅಂದರೆ ಬೇರಿಂಗ್ ಸವೆದಿದೆ ಅಂತ. ಇಂಗ್ಲಿಷ್ ಪ್ರಾರ್ಥನೆ ಹಾಡಿ ಬಂದ ನಾನು ಮೊಣಕೈ ತನಕ ಗ್ರೀಸ್ ಬಳಿದುಕೊಂಡು ಹೋಂವರ್ಕ್ ಬರೆಯುತ್ತಿದ್ದೆ. ಅದಕ್ಕೆ ಮಿಸ್ ಏನೆನ್ನುತ್ತಿದ್ದರು ಅಂತ ಈಗ ಬೇಡ ಬಿಡು...

ಚಿಕ್ಕಪ್ಪ ಒಂದು ಸಲ ಔಷಧಿ ಹೊಡೆಯುವ ಪಂಪಿನಿಂದ ಕೆಂಚನಿಗೆ ಜೋರಾಗಿ ನೀರು ಬಿಟ್ಟು ತೊಳೆದದ್ದು, ನೀನು ಪೊರಕೆ ಹಿಡಿದು ಓಡಿ ಬಂದದ್ದು! "ಎತ್ತಿನ ಕಿವಿಗೆ ನೀರು ಬಿಡ್ತೀಯೇನೋ? ಬೇರಿಂಗ್ ಒಳಕ್ಕೆ ಹೋದ್ರೆ ನಿಮ್ಮಪ್ಪ ಬಂದು ತೆಗೀತಾನಾ?" ಚಿಕ್ಕಪ್ಪ ಆ ಬೈಗುಳ ಇವತ್ತಿಗೂ ಮರೆತಿಲ್ಲ. ಬಹುಶಃ ಅದಕ್ಕೇ ಇರಬೇಕು, ನೀನು ಹೋದ ಮೇಲೆ ಅವನು ಕೆಂಚನನ್ನು ಮುಟ್ಟಲೇ ಇಲ್ಲ.

ಬೇಜಾರು ಮಾಡಿಕೊಳ್ಳಬೇಡ, ಹೇಳಿಬಿಡುತ್ತೇನೆ. ನಿನ್ನನ್ನು ತೋಟದಲ್ಲಿ ಮಣ್ಣು ಮಾಡಿ ಬಂದ ದಿನ ನಾವೆಲ್ಲ ಸೇರಿ ಕೆಂಚನಿಗೆ ಟಾರ್ಪಲ್ ಹೊದಿಸಿದೆವು. ನಿನ್ನ ಸೀಟಿನ ಮೇಲೆ ಇನ್ನೊಬ್ಬರು ಕೂರೋದು ಹೇಗೆ? ಯಾರಿಗೂ ಮನಸ್ಸು ಬರಲಿಲ್ಲ. ಚಿಕ್ಕಪ್ಪ ಪ್ರತಿ ಸೋಮವಾರ ತಪ್ಪದೆ ಹೂವಿಟ್ಟು, ಅಕ್ಷತೆ ಹಾಕಿ, ಊದುಬತ್ತಿ ಬೆಳಗಿದ. ಆಯುಧಪೂಜೆಗೆ ಮಂಡಕ್ಕಿಯನ್ನೂ ಸುರಿದ. ಅಷ್ಟು ಭಕ್ತಿ! ಆದರೆ ಸ್ಟಾರ್ಟ್ ಮಾಡಲಿಲ್ಲ. ನೀನು ವಾರಕ್ಕೆ ಒಂದು ಸೋಮವಾರ ಕೊಟ್ಟಿದ್ದೆ, ನಾವು ಏಳೂ ದಿನ ಸೋಮವಾರ ಮಾಡಿಬಿಟ್ಟೆವು ಅಜ್ಜಿ.

ನನ್ನನ್ನು ನೋಡಲು ಹುಡುಗ ಬಂದದ್ದು ಹಿಂದೂಪುರದಿಂದ. ಹೆಸರು ಪ್ರದೀಪ. ನೀನು ಜನ್ಮದಲ್ಲಿ ತಾತನ ಹೆಸರು ಹೇಳಲಿಲ್ಲ, ನಾನು ದಿನವಿಡೀ ಪ್ರದೀಪ ಪ್ರದೀಪ ಅಂತಿರುತ್ತೇನೆ, ಬೈಕೋ. ಅಲ್ಲೊಂದು ಫ್ಯಾಕ್ಟರಿಯಲ್ಲಿ ಮೆಷಿನ್ ಮೇಂಟೆನೆನ್ಸ್ ಕೆಲಸ, ಮನೆಯಲ್ಲಿ ತೆಲುಗು, ಕನ್ನಡವೂ ನಮ್ಮ ಹಾಗೇ. ಉಪ್ಪಿಟ್ಟು ಕೇಸರಿಬಾತ್ ಮುಗಿದ ಮೇಲೆ ಇಬ್ಬರೂ ಮಾತಾಡಿಕೊಳ್ಳಿ ಅಂತ ಹೊರಗೆ ಕಳಿಸಿದರು. ಶೆಡ್ಡಿನ ಹತ್ತಿರ ನಿಂತೆವು. ಅವನು ನಾಚಿಕೆ ಮುಚ್ಚಿಕೊಳ್ಳೋಕೆ ಟಾರ್ಪಲ್ ಎತ್ತಿದ, ಬಗ್ಗಿದ, ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿ ಕಣ್ಣು ಮುಚ್ಚಿದ. ಥೇಟ್ ನಿನ್ನ ಹಾಗೆ!

"ಬೇರಿಂಗ್ ಗಟ್ಟಿಯಿದೆ. ಯಾರೋ ಚೆನ್ನಾಗಿ ನೋಡ್ಕೊಂಡಿದಾರೆ" ಅಂದ.

ನಾನು ಒಳಗೆ ಹೋಗಿ ಅಮ್ಮನಿಗೆ "ಓಕೆ" ಅಂದೆ. "ಏನೇ ಮಾತಾಡಿದ್ರಿ?" ಅಂದಳು. ಬೇರಿಂಗ್ ಬಗ್ಗೆ ಅಂತ ಹೇಗೆ ಹೇಳಲಿ?

ಮದುವೆ ನಿಶ್ಚಯವಾದ ವಾರವೇ ಚಿಕ್ಕಪ್ಪ ಬಾಂಬ್ ಹಾಕಿದ. ಹಣ್ಣು ವಿಂಗಡಿಸಲು ಶೆಡ್ ಬೇಕಂತೆ, ದೊಡ್ಡಬಳ್ಳಾಪುರದ ಗುಜರಿಯವನಿಗೆ ಕೆಂಚನನ್ನು ಕೊಡುವ ಮಾತಾಗಿದೆಯಂತೆ. ನಾನು ಅತ್ತುಬಿಟ್ಟೆ, ಜಗಳವಾಡಿದೆ, ಊಟ ಬಿಟ್ಟೆ. ಕೊನೆಗೆ ಚಿಕ್ಕಪ್ಪ ಅಂದ, "ಪೂಜೆ ಮಾಡ್ಕೊಂಡು ಎಷ್ಟು ದಿನ ಇಟ್ಕೊಳ್ಳೋದಮ್ಮ? ಬೀಗರೂಟದ ದಿನ ಮೇಲಿನ ತೋಟದಿಂದ ಬಾಳೆಎಲೆ ಹೊರೆ ಎಳ್ಕೊಂಡು ಬರ್ಲಿ, ಇಟ್ಕೊಳ್ತೀನಿ. ಬರ್ಲಿಲ್ಲ ಅಂದ್ರೆ ಮಾರನೇ ದಿನ ಗುಜರಿ." ನನ್ನ ಒಡವೆ, ಸೀರೆ, ಫೋಟೋಗ್ರಾಫರ್ ಯಾವುದರ ಚಿಂತೆಯೂ ಉಳಿಯಲಿಲ್ಲ. ಕೆಂಚ ಹೋದರೆ ನೀನು ಇನ್ನೊಂದು ಸಲ ಹೋದ ಹಾಗೆ ಅಲ್ಲವಾ?

ಪ್ರದೀಪ ಪ್ರತಿ ಭಾನುವಾರ ರೈಲು ಹತ್ತಿ ಬಂದ. ಊರಿನವರು ನನ್ನನ್ನು ನೋಡೋಕೆ ಬರುತ್ತಾನೆ ಅಂದುಕೊಂಡರು. ಫಿಲ್ಟರಿನ ಡಬ್ಬಿ ಬಿಚ್ಚಿದರೆ ಒಳಗೆ ಇಲಿಗಳ ಸಂಸಾರ! ಚಿಕ್ಕಪ್ಪನ ಅಕ್ಷತೆ, ಮಂಡಕ್ಕಿ ತಿಂದು, ನಿನ್ನ ಸೀಟಿನ ದಿಂಬಿನ ಹತ್ತಿ ಎಳೆದುಕೊಂಡು ಮನೆ ಕಟ್ಟಿದ್ದವು. ಸ್ಪಂಜು ಚೂರುಚೂರು. ಕಾರ್ಬುರೇಟರಿನಲ್ಲಿ ಹಳೇ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿತ್ತು. ಬ್ರೇಕ್ ಕಚ್ಚಿಕೊಂಡಿತ್ತು, ಬ್ಯಾಟರಿ ಸತ್ತಿತ್ತು, ನಿಂತಲ್ಲೇ ನಿಂತ ಟೈರು ಒಂದು ಕಡೆ ಚಪ್ಪಟೆಯಾಗಿತ್ತು.

"ನೋಡಿ ಮಾವ," ಅಂದ ಪ್ರದೀಪ, "ಓಡಿದ್ದಕ್ಕೆ ಕೆಟ್ಟಿದ್ದು ಒಂದೂ ಇಲ್ಲ. ಎಲ್ಲಾ ನಿಂತಿದ್ದಕ್ಕೇ ಕೆಟ್ಟಿರೋದು."

ಚಿಕ್ಕಪ್ಪ ಮುಖ ಸಣ್ಣ ಮಾಡಿಕೊಂಡು, "ಪೂಜೆ ಮಾಡ್ದೆ ಕಣಪ್ಪಾ, ಇನ್ನೇನು ಮಾಡ್ಬೇಕಿತ್ತು?" ಅಂದ. ಪಾಪ ಅನಿಸಿತು. ಅವನಿಗೆ ತಾಯಿ ತಾನೇ ನೀನು...

ಬೀಗರೂಟದ ಬೆಳಗ್ಗೆ ಆ ಕಡೆ ದೊಡ್ಡ ಪಾತ್ರೆಗಳಲ್ಲಿ ಮಟನ್ ಸಾರು ಕುದಿಯುತ್ತಿತ್ತು, ಈ ಕಡೆ ನನ್ನ ಎದೆ. ಕಾರ್ಬುರೇಟರ್, ಬ್ರೇಕ್ ಬಿಚ್ಚಿ ತೊಳೆದು, ಹೊಸ ಬ್ಯಾಟರಿ, ಹೊಸ ಸ್ಪಂಜು, ಹೊಸ ಎಣ್ಣೆ, ಎಲ್ಲ ಹಾಕಿ ಆಗಿತ್ತು. ಪ್ರದೀಪ ಬಟನ್ ಒತ್ತಿದ. ಕೆಂಚ ಕೆಮ್ಮಿದ, ಬಿಳಿ ಹೊಗೆ ಬಿಟ್ಟ, ಸುಮ್ಮನಾದ. ಮತ್ತೆ ಒತ್ತಿದ. ಊಹೂಂ. ಪ್ರದೀಪನ ಸೋದರಮಾವ ಕುರ್ಚಿಯಿಂದಲೇ ಕೂಗಿದರು, "ಏನಪ್ಪಾ ಅಳಿಯ, ತಾಳಿ ಹುಡುಗೀಗೆ ಕಟ್ಟಿದ್ಯೋ ಗಾಡೀಗೋ?" ಎಲ್ಲರೂ ನಕ್ಕರು. ಚಿಕ್ಕಪ್ಪ ನಗಲಿಲ್ಲ, ಫೋನ್ ಕೈಗೆ ತೆಗೆದುಕೊಂಡ.

ಆಗ ನಿನ್ನ ಎಲೆಅಡಿಕೆ ನೆನಪಾಯಿತು ಅಜ್ಜಿ! ನೀನು ಪೆಟ್ರೋಲ್ ನಾಬ್ ತಿರುಗಿಸಿದ ತಕ್ಷಣ ಯಾವತ್ತಾದರೂ ಬಟನ್ ಒತ್ತಿದ್ದೀಯಾ? ಒಂದು ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿಕೊಂಡ ಮೇಲೆ ತಾನೇ? "ಪೆಟ್ರೋಲು ಅವನ ಗಂಟ್ಲಿಗೆ ಇಳೀಲಿ, ಆತುರ ಯಾಕೆ?" ಅಂತಿದ್ದೆ. ನಾನು ಪ್ರದೀಪನನ್ನು ಪಕ್ಕಕ್ಕೆ ಸರಿಸಿದೆ. ತಾಂಬೂಲದ ತಟ್ಟೆಯಿಂದ ಒಂದು ಎಲೆ ತಂದು ಕೆಂಚನ ಮೇಲೆ ಕೂತು, ನಿಧಾನವಾಗಿ ಒರೆಸಿದೆ, ಸುಣ್ಣ ಹಚ್ಚಿದೆ, ಮಡಚಿದೆ. ನೆಂಟರು ಹುಡುಗಿಗೆ ಏನೋ ಆಗಿದೆ ಅಂದುಕೊಂಡಿರಬೇಕು. ಅಗಿದೆ, ಚೋಕ್ ಎಳೆದೆ, ಒತ್ತಿದೆ.

ಗುಡುಗುಡುಗುಡು!

ಆಮೇಲೆ ಆದದ್ದನ್ನು ನೀನೂ ಊಹಿಸಲಾರೆ. ಚಿಕ್ಕಮ್ಮ ಅಡುಗೆ ಕಡೆಯಿಂದ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇಳಿಯೇ, ನಾನು ಹೋಗ್ತೀನಿ" ಅಂದಳು. ನಮ್ಮ ಚಿಕ್ಕಮ್ಮ! ನೀನು ಹೋದಾಗಿನಿಂದ ಆ ದಿಣ್ಣೆಯ ಮೇಲಿಂದ ದ್ರಾಕ್ಷಿ ಕ್ರೇಟುಗಳನ್ನು ತಲೆ ಮೇಲೆ ಹೊತ್ತು ಇಳಿಸುತ್ತಿದ್ದವಳು ಅವಳೇ ಅಂತ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. "ಅತ್ತೆ ನಂಗೆ ಯಾವಾಗ್ಲೋ ಕಲಿಸಿದಾರೆ. ನೀವೆಲ್ಲ ಪೂಜೆ ಮಾಡ್ತಾ ಕೂತಿದ್ರಿ, ಹೆಂಗೆ ಕೇಳ್ಲಿ?" ಅಂದಳು. ಅಜ್ಜಿ, ನೀನು ನನಗೆ ಹೇಳಲೇ ಇಲ್ಲವಲ್ಲ! ಅವಳು ಕೆಂಚನ ಹಿಂದೆ ಕಟ್ಟಿದ ಟ್ರಾಲಿಯ ತುಂಬ ಬಾಳೆಎಲೆ ಹೇರಿಕೊಂಡು ಇಳಿದು ಬಂದಾಗ ಚಿಕ್ಕಪ್ಪ ಗುಜರಿಯವನಿಗೆ ಫೋನ್ ಮಾಡಿ "ಬರಬೇಡ" ಅಂದ. ಆಮೇಲೆ ಟವೆಲಿನಲ್ಲಿ ಮುಖ ಒರೆಸಿಕೊಂಡ. ಬೆವರಂತೆ.

ಊಟಕ್ಕೆ ಏಟಿವಿ ಮ್ಯಾನೇಜರ್ ನವೀನಣ್ಣನೂ ಬಂದಿದ್ದ. ಬಡಿಸಿದ ಎಲೆ ಬಿಟ್ಟು ಎದ್ದು ಬಂದು ಕೆಂಚನನ್ನು ಒಂದು ಸುತ್ತು ಹಾಕಿದ. "ಇದರ ಜೊತೆ ಬಂದ ನಮ್ಮ ಗಾಡಿಗಳೆಲ್ಲ ಯಾವಾಗಲೋ ಗುಜರಿಗೆ ಹೋದ್ವು. ಈಗಿನ ಹೊಸಾವೂ ಲೊಡಲೊಡ ಅಂತಿವೆ. ಅಜ್ಜಿ ಏನು ಮಾಡ್ತಿದ್ರು?" ಅಂದ. ನಾನು ಶುರು ಮಾಡಿದರೆ ಗೊತ್ತಲ್ಲ ನಿನಗೆ, ಸಾರು ಆರುವ ತನಕ ಹೇಳಿದೆ. ಕೈ ತೊಳೆಯುತ್ತಾ ಕೇಳಿದ, "ಬಂದು ಮಾಡಿಕೊಡ್ತೀಯಾಮ್ಮ? ಕೆಲಸ ಅಂತಾನೇ?"

ಮಾಡುತ್ತೇನೆ ಅಂದೆ ಅಜ್ಜಿ. ಒಂದೇ ಷರತ್ತು ಹಾಕಿದೆ: ವಾರಕ್ಕೆ ಒಂದು ದಿನ ಅವನ ಗಾಡಿಗಳ ಮೇಲೂ ಯಾರೂ ಕೂರಬಾರದು. ಯಾವ ದಿನ ಅಂತ ಹೇಳಬೇಕಾ? ಗ್ರೀಸ್ ಗನ್ ನಿನ್ನದೇ, ನನ್ನ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಭದ್ರವಾಗಿದೆ. ಮೊದಲು ನಿನ್ನ ಹತ್ತಿರ ಬಂದು ಒಂದು ಎಲೆಅಡಿಕೆ ಇಟ್ಟು, ಆಮೇಲೆ ಕೆಂಚನ ಸ್ಪಂಜು ತೊಳೆದು, ಆಮೇಲೆ ನವೀನಣ್ಣನ ಶೆಡ್ಡಿಗೆ. ಸ್ಟೇಷನ್ನಿಗೆ ಕೆಂಚನನ್ನು ತರುತ್ತೇನೆ ಅಂತ ಚಿಕ್ಕಮ್ಮ ಕುಣಿಯುತ್ತಿದ್ದಳು, ಖಂಡಿತಾ ಬೇಡ ಅಂದಿದ್ದೇನೆ. ನಡೆದುಕೊಂಡೇ ಬರುತ್ತೇನೆ. ಮಾಕಳಿದುರ್ಗ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ, ಈ ಸೋಮವಾರ, ಹಿಂದೂಪುರದ ಬೆಳಗಿನ ಪ್ಯಾಸೆಂಜರಿಗೆ.