ಜಯನಗರದ ಹಲ್ಲಿಯ ಸಾಕ್ಷಿ

ಸೊಣ್ಣಕ್ಕನಿಗೆ ಜಯನಗರದಿಂದ ತಮ್ಮನ ನಮಸ್ಕಾರ.

ನನ್ನ ಹಲ್ಲಿ ಭಯಕ್ಕೆ ಇಲ್ಲಿನ ಡಾಕ್ಟರಮ್ಮ ವಿಚಿತ್ರ ಮದ್ದು ಕೊಡುತ್ತಿದ್ದಾರೆ. ಹೆದರಿದಾಗ ಮೈಯಲ್ಲಿ ಹುಟ್ಟುವ ಹಾರ್ಮೋನನ್ನೇ ಮಾತ್ರೆ ಮಾಡಿ ನುಂಗಿಸಿ, ಒಂದು ಗಂಟೆ ಬಿಟ್ಟು ಗಾಜಿನ ಡಬ್ಬಿಯ ಹಲ್ಲಿಯ ಎದುರು ಕೂರಿಸುತ್ತಾರೆ. ಅದರಿಂದ ಹಳೆಯ ಭಯ ಮಂಕಾಗಿ, ಹೊಸ ಧೈರ್ಯ ಮನಸ್ಸಿನಲ್ಲಿ ನಿಲ್ಲುತ್ತದಂತೆ.

ಇವತ್ತು ಅವರು, "ಬೈಲಪ್ಪನವ್ರೇ, ನಿಮ್ ಭಯ ಹೋಯ್ತು ಅನ್ಕೊಳ್ಳಿ" ಅನ್ನುತ್ತಿದ್ದಂತೆ ಹಲ್ಲಿ ಲೊಚಗುಟ್ಟಿತು. ಬಾಗಿಲಿಗೆ ಓಡಬೇಕಾಗಿದ್ದ ನಾನು ಮೇಜು ಕುಟ್ಟಿ "ಕೃಷ್ಣ ಕೃಷ್ಣ" ಅಂದೆ. ನೋಡಿದರೆ ಡಾಕ್ಟರಮ್ಮನೂ ಕುಟ್ಟುತ್ತಿದ್ದರು.

ಮಾತ್ರೆಯಿಂದ ಶುಗರ್ ತುಸು ಏರಿದೆ, ಗಾಬರಿ ಬೇಡ. ಭಾನುವಾರ ಬರುತ್ತೇನೆ. ಹನ್ನೊಂದು ವರ್ಷ ಜಗುಲಿಯಲ್ಲಿ ಉಂಡದ್ದು ಸಾಕು, ಅಡುಗೆಮನೆಯಲ್ಲೇ ತಟ್ಟೆ ಇಡು. ಕ್ಯಾಲೆಂಡರಿನ ಹಿಂದಿನ ಹಲ್ಲಿಯನ್ನು ನನಗೋಸ್ಕರ ಓಡಿಸಬೇಡ.

ನಿನ್ನ ಬೈಲಪ್ಪ