ಕೆಸರು ಕಾಣದ ಗಾಡಿ

ಫೆಬ್ರವರಿ 3, ಬೆಳಿಗ್ಗೆ

ಕ್ಲಿನಿಕ್‌ಗೆ ಮುಂಚೆ ಮತ್ತೆ ಗ್ಯಾರೇಜು. ಟೈರ್ ಬದಲಾಯಿತು. ಹಳೆಯವೂ ಹೊಸವುಗಳ ಹಾಗೇ ಇವೆ. ನಾಲ್ಕು ವರ್ಷ ಮನೆಯಿಂದ ಕ್ಲಿನಿಕ್, ಕ್ಲಿನಿಕ್‌ನಿಂದ ಮನೆ, ಅಷ್ಟೇ ಓಡಿದ್ದು. ಕೆನೆಬಣ್ಣದ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡ್. ಕಡಿದಾದ ದಾರಿಗಂತ ಇರುವ ಫೋರ್ ವೀಲ್ ಗುಂಡಿ ಒಂದು ಸಲವೂ ಒತ್ತಿಲ್ಲ. ಮೇಸ್ತ್ರಿ ತಮಾಷೆ ಮಾಡಿದ — ಪಾಲಿಶ್ ಬೂಟು ಬಿಚ್ಚಿಸಿ ಗಂಬೂಟು ಹಾಕಿಸ್ತಿದ್ದೀವಿ ಡಾಕ್ಟ್ರೇ, ಅಂತ. ಎಲ್ಲಿಗೆ ಅಂದ. ಟೂರ್ ಅಂದೆ.

ಫೆಬ್ರವರಿ 9

ಸ್ಪ್ರಿಂಗ್ ಬದಲಿಸಿ ಎರಡು ಇಂಚು ಎತ್ತರಿಸಿದ್ದಾರೆ. ಎಂಜಿನ್ ಕೆಳಗೆ ಉಕ್ಕಿನ ತಟ್ಟೆ. ಮುಂದುಗಡೆ ವಿಂಚ್ — ಹೂತುಕೊಂಡರೆ ಹಗ್ಗವನ್ನ ಬಂಡೆಗೆ ಬಿಗಿದು ಎಳೆದುಕೊಳ್ಳಬಹುದು. ಇವಳು ಬಾಲ್ಕನಿಯಿಂದ ನೋಡಿದಳು. ಮಗಳು ಪುಟ್ಟಿ ಹೋದಮೇಲೆ ನನ್ನ ಹೆಂಡತಿ ಯಾವುದನ್ನೂ ಕೇಳುವುದಿಲ್ಲ.

ಫೆಬ್ರವರಿ 16

ಹಳೇ ಕಲ್ಲುಕ್ವಾರಿಯಲ್ಲಿ ಟ್ರೇನಿಂಗ್. ಹೇಳಿಕೊಡುವ ಹೆಂಗಸು ಹಿಂದೆ ಗಣಿಯಲ್ಲಿ ಟ್ಯಾಂಕರ್ ಓಡಿಸುತ್ತಿದ್ದಳಂತೆ. ಟೈರ್ ಗಾಳಿ ಇಳಿಸಬೇಕು. ಲೋ ಗೇರ್. ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತ ಕೂರಬಾರದು. ಅವಸರವಂತೂ ಕೂಡದು. ಮೂವತ್ತು ವರ್ಷ ಹಲ್ಲು ಕೊರೆದ ಕೈಗೆ ಸ್ಟೀರಿಂಗ್ ಬಗ್ಗಲಿಲ್ಲ. ಎರಡು ಸಲ ಹೂತುಕೊಂಡೆ. ಮೂರನೇ ಸಲ ಹತ್ತಿಸಿದೆ. ಆಕೆ ಚಪ್ಪಾಳೆ ತಟ್ಟಿದಳು. ನಾನು ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಪಾಪ, ಆಕೆ ಇಳಿದು ಟೈರ್ ನೋಡುವವಳ ಹಾಗೆ ಆಚೆ ಹೋದಳು.

ಫೆಬ್ರವರಿ 17

ಬರೆದೇಬಿಡುತ್ತೇನೆ.

ಪುಟ್ಟಿ ಓದುತ್ತಿದ್ದದ್ದು ಕಲ್ಲುಬಂಡೆಗಳ ಬಗ್ಗೆ. ಹದಿನಾಲ್ಕು ತಿಂಗಳ ಹಿಂದೆ ಎರಡು ದಿನದ ಮಟ್ಟಿಗೆ ಈ ಗಾಡಿ ಕೇಳಿದಳು. "ಅಪ್ಪಾ, ಗುಡ್ಡದ ಮೇಲಿನವರೆಗೆ ಹೋಗೋದು ಇಂಥ ಗಾಡಿ ಮಾತ್ರ." ಸೀಟು ಹಾಳಾಗುತ್ತೆ, ಬಾಡಿಗೆಗೆ ಬೈಕ್ ತಗೋ ಅಂದೆ. ಪೇಪರ್ ಓದುತ್ತಾ ಅಂದೆ, ತಲೆ ಕೂಡ ಎತ್ತದೆ.

ಬೈಕ್ ಮೂರನೇ ತಿರುವಿಗೇ ನಿಂತಿತು. ಅಲ್ಲಿಂದ ಗೆಳತಿಯ ಜೊತೆ ನಡೆದು ಹತ್ತಿದಳು. ತುದಿಯಲ್ಲಿ ಕಾಲು ಜಾರಿತು. ಗೆಳತಿ ಕೆಳಗೆ ಓಡಿ ಜನ ಕರೆತಂದು, ಸ್ಟ್ರೆಚರ್ ಹೊತ್ತು ಇಳಿಸುವ ಹೊತ್ತಿಗೆ ಆರು ಗಂಟೆ ಕಳೆದಿತ್ತು. ನಾಲ್ಕನೇ ಗಂಟೆಯವರೆಗೆ ಮಾತಾಡುತ್ತಿದ್ದಳಂತೆ.

ಪುಟ್ಟಿ ಗಾಡಿ ಕೇಳಿದ್ದಳು ಅನ್ನೋದು ನನ್ನ ಹೆಂಡತಿಗೆ ಗೊತ್ತಿಲ್ಲ.

ಮಾರ್ಚ್ 2, ಸಂಜೆ — ಗುಡ್ಡದ ಕೆಳಗಿನ ಲಾಡ್ಜ್

ಎಲ್ಲಿಗೆ ಅಂತ ಹೇಳಿದ್ದಕ್ಕೆ ಇವಳು ಬಂದು ಗಾಡಿಯಲ್ಲಿ ಕೂತಳು. ಮೊದಲ ತಿರುವಿನಲ್ಲೇ ಕಲ್ಲು ತಟ್ಟೆಗೆ ಉಜ್ಜಿತು. ಎರಡನೆಯದು ಇನ್ನೂ ಕಷ್ಟ. ಮೂರನೆಯದರಲ್ಲಿ ನಿಲ್ಲಿಸಿದೆ. ಹೇಳಿದೆ. ಪೇಪರ್ ಓದುತ್ತಿದ್ದದ್ದನ್ನೂ ಹೇಳಿದೆ.

ಪೂರ್ತಿ ಕೇಳಿಸಿಕೊಂಡಳು. ಬೆಲ್ಟ್ ಬಿಚ್ಚಿ, ಇಳಿದು ನಡೆದಳು. ಲೋ ಗೇರ್‌ನಲ್ಲಿ ಅವಳ ಹಿಂದೆಯೇ ಹೋದೆ, ಹತ್ತು ಅಡಿ ಬಿಟ್ಟು. ತಿರುಗಿ ನೋಡಲಿಲ್ಲ. ಮೇಲೆ ಒಣಹುಲ್ಲು, ಪದರಪದರವಾದ ಬಂಡೆ, ಗಾಳಿ. ಇಷ್ಟೇ. ಅಂಚಿಗೆ ಹೋಗಿ ಕೂತಳು. ಗಾಡಿ ಬಿಟ್ಟು ಹತ್ತಿರ ಹೋಗುವ ಧೈರ್ಯ ನನಗಾಗಲಿಲ್ಲ.

ಇಳಿಯುವಾಗ ಹಿಂದಿನ ಸೀಟಿನಲ್ಲಿ ಕೂತಳು.

ಮಾರ್ಚ್ 13

ಹನ್ನೊಂದು ದಿನ. ಮಾತಿಲ್ಲ. ಊಟ ಮೇಜಿನ ಮೇಲಿಟ್ಟು ಒಳಗೆ ಹೋಗಿಬಿಡುತ್ತಾಳೆ.

ಎಂಜಿನ್ ಕೆಳಗಿನ ತಟ್ಟೆ ನೆಗ್ಗಿದ್ದಕ್ಕೆ ಗ್ಯಾರೇಜಿಗೆ ಹೋಗಿದ್ದೆ. ಮೇಸ್ತ್ರಿಗೆ ಎಲ್ಲ ಹೇಳಿದೆ. ಅವನು ಬಗ್ಗಿ ಗಾಡಿಯ ಅಡಿ ನೋಡಿದ. ಹಳೇ ಟೈರು, ಹಳೇ ಎತ್ತರದಲ್ಲಿ ಈ ಗಾಡಿ ಎರಡನೇ ತಿರುವು ದಾಟುತ್ತಲೇ ಇರಲಿಲ್ಲ ಅಂದ. ಕೊಟ್ಟಿದ್ದರೂ ಅಷ್ಟೇ ಅಂದ.

ಖುಲಾಸೆಯಾದವನ ಹಾಗೆ ಮನೆಗೆ ಓಡಿಬಂದೆ. ನಾಚಿಕೆಯಾಗುತ್ತದೆ ಈಗ. ಬಟ್ಟೆ ಮಡಚುತ್ತಿದ್ದಳು. ಹೇಳಿದೆ. ಕೈಯಲ್ಲಿದ್ದ ಟವೆಲ್ ಕೆಳಗಿಟ್ಟಳು.

"ಹೋಗ್ತಿತ್ತೋ ಇಲ್ವೋ, ಅದು ನನಗೆ ಬೇಡ. ಅವತ್ತು ಬೆಳಿಗ್ಗೆ ಅವಳ ಫೋನ್ ಬಂದಿತ್ತು, ನಾನು ಎತ್ತಲಿಲ್ಲ. ಎತ್ತಿದ್ರೆ ಹೋಗಬೇಡ ಅಂತಿದ್ದೆ ಅಂತ ಹದಿನೈದು ತಿಂಗಳಿಂದ ನಿಮ್ಮೆದುರಿಗೇ ಅತ್ತಿದ್ದೀನಿ. ತಪ್ಪು ನಿನ್ನದೊಂದೇ ಅಲ್ಲ ಅಂತ ಒಂದು ಮಾತು ಬರಲಿಲ್ವಾ ನಿಮಗೆ?"

ಬರಲಿಲ್ಲ. ಅತ್ತಾಗಲೆಲ್ಲ ಬೆನ್ನು ಸವರಿದ್ದೆ. ಸಮಾಧಾನ ಮಾಡ್ಕೋ ಅಂದಿದ್ದೆ. ಇವಳ ಮೇಲೆ ತಪ್ಪು ಇರುವಷ್ಟು ದಿನ ನನಗೆ ಸ್ವಲ್ಪ ಹಗುರವಾಗಿತ್ತು… ಇದನ್ನು ಯಾರಿಗೆ ಹೇಳಲಿ?

ಮಾರ್ಚ್ 14, ಬೆಳಿಗ್ಗೆ 6:10

ಕೀ ಕೇಳಿದಳು. ಎಲ್ಲಿಗೆ ಅಂತ ಕೇಳಲಿಲ್ಲ ನಾನು. ಕ್ವಾರಿಯ ಹೆಂಗಸಿನ ನಂಬರ್ ಬೇಕು ಅಂದಳು. ಬರೆದುಕೊಟ್ಟೆ. ಕಲಿತು, ತಾನೇ ಓಡಿಸಿಕೊಂಡು ಮೇಲೆ ಹೋಗುತ್ತಾಳಂತೆ.

ಕಿಟಕಿಯಿಂದ ನೋಡುತ್ತಿದ್ದೇನೆ. ಸೀಟು ಮುಂದಕ್ಕೆ ಎಳೆದುಕೊಂಡಳು. ಕನ್ನಡಿ ಸರಿಮಾಡಿದಳು. ಎಂಜಿನ್ ಶುರುವಾಗಿ ಎರಡು ನಿಮಿಷವಾಯಿತು, ಗೇರ್ ಹಾಕಿಲ್ಲ. ಈ ಕಡೆಯ, ಪಕ್ಕದ ಸೀಟಿನ ಬಾಗಿಲು ಸರಿಯಾಗಿ ಮುಚ್ಚಿಲ್ಲ. ಮರೆತಿದ್ದಾಳೋ, ಅಥವಾ —

ಚಪ್ಪಲಿ ಎಲ್ಲಿ ಬಿಟ್ಟೆನೋ —